ಸೈನ್ಯದಲ್ಲಿ ವಕೀಲರು ಯಾರ ಪರ?

ಪ್ರಶ್ನೆ: ನಾನು ಧಾರವಾಡದಲ್ಲಿ ಐದು ವರ್ಷದ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಅಪ್ಪ ಸೈನ್ಯದಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಭೂಸೇನೆಯ ಕಾನೂನು ವಿಭಾಗವಾದ ಜಡ್ಜ್ ಅಡ್ವೊಕೇಟ್ ಜನರಲ್ ಶಾಖೆಗೆ ಅರ್ಜಿ ಹಾಕುತ್ತೇನೆ ಅಂದಾಗ ಅವರು ಖುಷಿಪಡಲಿಲ್ಲ. 'ಸೈನ್ಯದಾಗ ವಕೀಲ ಅಂದ್ರ ಸಾಹೇಬ್ರು ಹೇಳಿದ್ದಕ್ಕ ಶಿಕ್ಕಾ ಹೊಡಿಯೋ ಕೆಲಸ' ಅಂದರು. ಇದು ನಿಜವೇ? ಅಲ್ಲಿ ನಿಜವಾಗಿ ಏನು ಕೆಲಸ? ಹೆಣ್ಣುಮಕ್ಕಳಿಗೆ ಅವಕಾಶ ಹೇಗಿದೆ? ಮುಂದೆ ಮತ್ತೆ ಕೋರ್ಟಿಗೆ ಬಂದು ವಕೀಲಿ ಮಾಡಬಹುದೇ?

ಉತ್ತರ: ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಒಬ್ಬ ಹವಾಲ್ದಾರ್ ತನ್ನ ಸೇವೆಯುದ್ದಕ್ಕೂ ಸೈನ್ಯದ ಕಾನೂನನ್ನು ಕಾಣುವುದು ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರ ಮೇಜಿನ ಎದುರು. ಟೋಪಿ, ಬೆಲ್ಟ್ ತೆಗೆಸಿ ಜವಾನನನ್ನು ಒಳಗೆ ಕರೆತರುತ್ತಾರೆ. ಆರೋಪ ಓದುತ್ತಾರೆ, ಸಾಕ್ಷಿ ಹೇಳಿಸುತ್ತಾರೆ. ಸೇನಾ ಕಾಯ್ದೆಯ 80ನೇ ಕಲಂ ಪ್ರಕಾರ ಕಮಾಂಡಿಂಗ್ ಆಫೀಸರ್ ಅಲ್ಲೇ ನಿಂತ ಹಾಗೆಯೇ 28 ದಿನದವರೆಗೆ ಸೆರೆ ವಿಧಿಸಬಹುದು. ಅಲ್ಲಿ ವಕೀಲರಿರುವುದಿಲ್ಲ. ಸಮರಿ ಕೋರ್ಟ್ ಮಾರ್ಷಲ್, ಅಂದರೆ ಸಂಕ್ಷಿಪ್ತ ಸೇನಾ ವಿಚಾರಣೆ, ಆದರೂ ಅಷ್ಟೇ: ನ್ಯಾಯಾಲಯ ಅಂದರೆ ಸಿಒ ಒಬ್ಬರೇ. ಇನ್ನಿಬ್ಬರು ಅಧಿಕಾರಿಗಳೋ ಜೆಸಿಒಗಳೋ (ಜೂನಿಯರ್ ಕಮಿಷನ್ಡ್ ಆಫೀಸರ್) ಕೂತಿರುತ್ತಾರೆ, ಆದರೆ ಅವರಿಗೆ ತೀರ್ಪಿನಲ್ಲಿ ಪಾಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯ ಸಿಒ ಆಗಿದ್ದರೆ ಒಂದು ವರ್ಷದವರೆಗೆ ಜೈಲು ಕೊಡಬಹುದು, ನೌಕರಿಯಿಂದಲೂ ತೆಗೆಯಬಹುದು. ಮೇಲಿನವರ ಒಪ್ಪಿಗೆಗೆ ಕಾಯದೆ ಶಿಕ್ಷೆ ಜಾರಿಗೆ ಬರುತ್ತದೆ. ಇದನ್ನೇ ವರ್ಷಗಟ್ಟಲೆ ನೋಡಿದವರಿಗೆ, ಎಲ್ಲೋ ದೂರದ ಹೆಡ್‌ಕ್ವಾರ್ಟರ್ಸ್‌ನಲ್ಲಿ ಕೂತ ಕಾನೂನು ಅಧಿಕಾರಿ ಶಿಕ್ಕಾ ಹೊಡೆಯುವವನಂತೆ ಕಂಡರೆ ತಪ್ಪೇನಿಲ್ಲ.

ಆದರೆ ಅವರಿಗೆ ಕಾಣದ ಭಾಗವೊಂದಿದೆ. ಈ ಶಾಖೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರಲ್ಲಿ ನಾನೊಬ್ಬ. ನನ್ನ ಕೆಲಸದ ಮುಕ್ಕಾಲು ಪಾಲು ನಡೆದದ್ದು ಕೋರ್ಟ್ ಮಾರ್ಷಲ್ ಶುರುವಾಗುವ ಮೊದಲು, ಕಡತಗಳ ಮೇಲೆ. ಒಂದು ಕಡತದ ಕತೆ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದ್ದೇನೆ.

ಉತ್ತರದ ಗಡಿಯ ಕಡೆ ಪೋಸ್ಟಿಂಗ್‌ನಲ್ಲಿದ್ದೆ. ರಜೆ ಮುಗಿದು ನಲವತ್ತು ಚಿಲ್ಲರೆ ದಿನ ಕಳೆದ ಮೇಲೆ ತಾನಾಗಿ ಯೂನಿಟ್‌ಗೆ ಮರಳಿದ ಒಬ್ಬ ಸಿಪಾಯಿಯ ಕಡತ ಸಲಹೆಗೆ ಬಂತು. ಸೈನ್ಯದ ಮಾತಿನಲ್ಲಿ ಇದು ಓಎಸ್‌ಎಲ್ (ಓವರ್‌ಸ್ಟೇ ಆಫ್ ಲೀವ್, ರಜೆ ಮೀರಿ ಉಳಿಯುವುದು), ತೀರ ಮಾಮೂಲಿ ಪ್ರಕರಣ. ಸಮರಿ ಆಫ್ ಎವಿಡೆನ್ಸ್‌ನಲ್ಲಿ, ಅಂದರೆ ವಿಚಾರಣೆಗೆ ಮೊದಲು ದಾಖಲಿಸುವ ಸಾಕ್ಷ್ಯದಲ್ಲಿ, ನಾಲ್ವರು ಸಾಕ್ಷಿಗಳು: ರಜೆಯ ರಿಜಿಸ್ಟರ್ ತೋರಿಸಿದ ಕ್ಲರ್ಕ್, ಹಾಜರಿ ತೆಗೆದುಕೊಂಡ ಹವಾಲ್ದಾರ್, ಹೀಗೆ. ಆರೋಪಿಯ ಹೇಳಿಕೆ ಒಂದೇ ಸಾಲು, 'ನನಗೆ ಹೇಳುವುದೇನೂ ಇಲ್ಲ.' ಕೊನೆಗೆ ಟ್ಯಾಗ್ ದಾರದಲ್ಲಿ ಪೋಣಿಸಿದ ಒಂದು ಕಾಗದ. ಅದರ ಮೇಲೆ ಪೆನ್ಸಿಲ್‌ನಲ್ಲಿ 'ಪ್ರಾದೇಶಿಕ ಭಾಷೆಯ ದಾಖಲೆ' ಎಂದು ಯಾರೋ ಹಿಂದಿಯಲ್ಲಿ ಬರೆದಿದ್ದರು. ತಿರುಗಿಸಿ ನೋಡಿದರೆ ಕನ್ನಡ! ಮಲಪ್ರಭೆಯ ದಂಡೆಯ ಒಂದು ಗ್ರಾಮ ಪಂಚಾಯಿತಿಯ ದೃಢೀಕರಣ ಪತ್ರ, ದುಂಡು ಮೊಹರಿನ ಸಮೇತ. ನೆರೆಯಲ್ಲಿ ಇವನ ಮನೆಯ ಎರಡು ಗೋಡೆ ಬಿದ್ದಿವೆ, ತಾಯಿ ಶಾಲೆಯ ಗಂಜಿ ಕೇಂದ್ರದಲ್ಲಿದ್ದಾಳೆ, ಮನೆಯಲ್ಲಿ ಬೇರೆ ಗಂಡಾಳಿಲ್ಲ ಎಂದು ಅದರಲ್ಲಿತ್ತು. ಕೆಳಗೆ ತಾರೀಖು. ಅದು ಅವನ ರಜೆ ಮುಗಿಯಲು ಎರಡು ದಿನ ಇದ್ದಾಗಿನದು.

ಅಷ್ಟು ಕೈ ದಾಟಿ ಬಂದ ಕಡತದಲ್ಲಿ ಆ ಕಾಗದವನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಇದು ಬರೀ ಕನಿಕರದ ಮಾತಲ್ಲ. ಸೇನಾ ಕಾಯ್ದೆಯ 39ನೇ ಕಲಮಿನ ಮಾತನ್ನೇ ನೋಡಿ: 'ಸಾಕಷ್ಟು ಕಾರಣವಿಲ್ಲದೆ' ರಜೆ ಮೀರಿ ಉಳಿದರೆ ಅಪರಾಧ. ಕಾರಣ ಇತ್ತೇ ಎಂದು ವಿಚಾರಿಸದೆ ಆರೋಪ ನಿಲ್ಲುವುದಿಲ್ಲ. ನಾನು ಆ ಪತ್ರವನ್ನು ಹಿಂದಿಗೆ ತಂದು, 'ಈ ಕಾರಣದ ಬಗ್ಗೆ ಹೆಚ್ಚುವರಿ ಸಾಕ್ಷ್ಯ ದಾಖಲಿಸಿ. ತಡವಾಗುತ್ತದೆಂದು ಇವನು ಯೂನಿಟ್‌ಗೆ ಫೋನ್ ಮಾಡಿದ್ದನೇ ಕೇಳಿ' ಎಂದು ಬರೆದು ಕಳಿಸಿದೆ. ಮಾಡಿದ್ದ, ಎರಡು ಸಲ. ಕೋರ್ಟ್ ಮಾರ್ಷಲ್ ನಡೆಯಲಿಲ್ಲ. ಅವನಿಗೆ ಆಗಲೇ ಹದಿಮೂರು ವರ್ಷದ ಸರ್ವಿಸ್ ಆಗಿತ್ತು, ಜವಾನರಿಗೆ ಪೆನ್ಷನ್ ಸಿಗಲು 15 ವರ್ಷ ಬೇಕು. ಸರ್ವಿಸ್ ದಾಖಲೆಯಲ್ಲಿ ಮೂರು ಕೆಂಪು ಶಾಯಿ ನಮೂದು, ಅಂದರೆ ಹಿಂದೆ ಬಿದ್ದ ಶಿಕ್ಷೆಗಳ ದಾಖಲೆ, ಇದ್ದವು. ನಾಲ್ಕನೆಯದು ಬಿದ್ದರೆ ಮನೆಗೆ ಕಳಿಸುವುದು ಎಷ್ಟೋ ಯೂನಿಟ್‌ಗಳಲ್ಲಿ ಕಣ್ಣುಮುಚ್ಚಿ ನಡೆಯುತ್ತಿದ್ದ ರೂಢಿ. ಬರೀ ನಾಲ್ಕು ಕೆಂಪು ನಮೂದು ಎಣಿಸಿ ಡಿಸ್ಚಾರ್ಜ್ ಮಾಡುವಂತಿಲ್ಲ. ವಿಚಾರಣೆ ಆಗಬೇಕು, ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಷ್ಟದ ಜಾಗಗಳಲ್ಲಿ ದುಡಿದಿದ್ದಾನೆ ನೋಡಬೇಕು ಎಂದು ಸುಪ್ರೀಂ ಕೋರ್ಟ್ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಹೇಳಿದ್ದು 2015ರಲ್ಲಿ.

ಆ ಸಿಪಾಯಿಯನ್ನು ನಾನು ನೋಡಿಯೇ ಇಲ್ಲ. ಅವನಿಗೂ ನಾನು ಯಾರೆಂದು ಗೊತ್ತಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ಈ ವಕೀಲಿಯಲ್ಲಿ ಕಕ್ಷಿದಾರರಿಲ್ಲ. ಕಾನೂನು ಹೇಳುವುದನ್ನು, ಕೇಳಿದವರಿಗೆ ಹಿತವಾಗದಿದ್ದರೂ, ಕಾಗದದ ಮೇಲೆ ಬರೆದು ಸಹಿ ಹಾಕಬೇಕು. ಕಮಾಂಡರ್ ಆ ಸಲಹೆಯನ್ನು ಒಪ್ಪಲೇಬೇಕೆಂದಿಲ್ಲ. ಆದರೆ ನೀವು ಬರೆದದ್ದು ಕಡತದಲ್ಲಿ ಉಳಿಯುತ್ತದೆ, ಪ್ರಕರಣ ಮೇಲೆ ಹೋದಂತೆ ಮೇಲಿನವರೂ ಅದನ್ನು ಓದುತ್ತಾರೆ. ಶಿಕ್ಕಾ ಹೊಡೆಯುವ ಅಧಿಕಾರಿಗಳು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಹೊಡೆಯಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ ಎಂದು ಮಾತ್ರ ಹೇಳಬಲ್ಲೆ.

ಈಗ ಕೋರ್ಟ್ ಮಾರ್ಷಲ್‌ಗೆ ಬರೋಣ. ಸೇನಾ ಕಾಯ್ದೆ 1950ರದು, ಅದರ ನಿಯಮಗಳು 1954ರವು. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐದು ಅಧಿಕಾರಿಗಳು ಕೂರುತ್ತಾರೆ. ಅವರಲ್ಲಿ ಒಬ್ಬರೂ ಕಾನೂನು ಓದಿರಬೇಕಿಲ್ಲ. ಫಿರಂಗಿ ದಳದವರು, ಇಂಜಿನಿಯರ್, ಪದಾತಿ ದಳದವರು ಯಾರೂ ಇರಬಹುದು. ಅದಕ್ಕಾಗಿಯೇ ಅಲ್ಲಿ ಜಡ್ಜ್ ಅಡ್ವೊಕೇಟ್ ಇರಲೇಬೇಕೆಂದು 129ನೇ ಕಲಂ ಹೇಳುತ್ತದೆ. ಹೆಸರಿನಲ್ಲಿ ಜಡ್ಜ್ ಇದೆ, ಅಡ್ವೊಕೇಟ್ ಇದೆ. ನೀವು ಎರಡೂ ಅಲ್ಲ. ನಿಮಗೆ ಮತವಿಲ್ಲ, ನೀವು ಯಾರ ಪರವಾಗಿಯೂ ವಾದಿಸುವುದಿಲ್ಲ. ಯಾವ ಸಾಕ್ಷ್ಯ ಒಪ್ಪಬಹುದು, ಆರೋಪ ಸಾಬೀತಾಗಲು ಏನೇನು ಬೇಕು ಎಂದು ತಿಳಿಸುತ್ತೀರಿ, ಕೊನೆಗೆ ಇಡೀ ಪ್ರಕರಣವನ್ನು ಕ್ರೋಡೀಕರಿಸಿ ನ್ಯಾಯಾಲಯದ ಮುಂದಿಡುತ್ತೀರಿ. 105ನೇ ನಿಯಮವನ್ನು ತಂದೆಯವರಿಗೆ ಓದಿ ಹೇಳಿ. ಜಡ್ಜ್ ಅಡ್ವೊಕೇಟ್ ಸಂಪೂರ್ಣ ನಿಷ್ಪಕ್ಷಪಾತಿಯಾಗಿರಬೇಕು ಎನ್ನುತ್ತದೆ ಅದು. ಆರೋಪಿಯ ಸ್ಥಾನದಿಂದಾಗಲೀ, ತಿಳಿವಳಿಕೆ ಸಾಲದೆ ಆಗಲೀ, ಸಾಕ್ಷಿಗಳನ್ನು ಪ್ರಶ್ನಿಸಲು ಬಾರದೆ ಆಗಲೀ ಅವನಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಹೊಣೆಯನ್ನೂ ಅವರ ಮೇಲೆ ಹೊರಿಸುತ್ತದೆ. ಆರೋಪಿಯ ಅಜ್ಞಾನಕ್ಕೆ ಕಾವಲಿರಬೇಕೆಂದು ಸೇನೆ ತನ್ನ ವಕೀಲನಿಗೇ ವಿಧಿಸಿದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ನಿಯಮ ಅದು.

ಕೋಣೆಯ ಒಳಗಿನ ಒಂದು ಕ್ಷಣವನ್ನೂ ಹೇಳಬೇಕು. ವಾದ ಮುಗಿದ ಮೇಲೆ ನ್ಯಾಯಾಲಯ 'ಮುಚ್ಚುತ್ತದೆ'. ಆರೋಪಿ, ವಕೀಲರು, ಪ್ರೇಕ್ಷಕರು ಹೊರಗೆ ಹೋಗುತ್ತಾರೆ. ಸದಸ್ಯರೂ ಜಡ್ಜ್ ಅಡ್ವೊಕೇಟರೂ ಉಳಿಯುತ್ತಾರೆ. ಹಸಿರು ಬಟ್ಟೆ ಹಾಸಿದ ಮೇಜು, ನೀರಿನ ಲೋಟಗಳು, ಎದುರಿಗೆ ವಾರಗಟ್ಟಲೆ ಬರೆದ ಹಾಳೆಗಳ ರಾಶಿ. ಅಭಿಪ್ರಾಯ ಕೇಳುವುದು ಕೆಳಗಿನಿಂದ ಮೇಲಕ್ಕೆ. ಎಲ್ಲರಿಗಿಂತ ಕಿರಿಯ ಅಧಿಕಾರಿ ಮೊದಲು, ಒಂದೊಂದು ಆರೋಪಕ್ಕೂ ಬೇರೆ ಬೇರೆಯಾಗಿ, ಬಾಯಿ ಬಿಟ್ಟು ಹೇಳಬೇಕು. ಅಧ್ಯಕ್ಷತೆ ವಹಿಸಿದ ಹಿರಿಯರ ಸರದಿ ಕೊನೆಗೆ. ದಿನವಿಡೀ 'ಯಸ್ ಸರ್' ಎನ್ನುವುದನ್ನೇ ಕಲಿಸುವ ಸಂಸ್ಥೆಯಲ್ಲಿ, ಹಿರಿಯರ ಮನಸ್ಸೇನೆಂದು ತಿಳಿಯುವ ಮೊದಲೇ ಕಿರಿಯ ತನ್ನ ಮಾತು ಹೇಳಿ ಮುಗಿಸಿರಬೇಕು ಎಂಬುದು ಅದರ ಉದ್ದೇಶ. ಮತ ಸಮಸಮವಾದರೆ ತೀರ್ಪು ಆರೋಪಿಯ ಕಡೆಗೆ. ಮರಣದಂಡನೆಗೆ ಮೂರನೇ ಎರಡರಷ್ಟು ಮತ ಬೇಕು. ಆ ಕೋಣೆಗಳಲ್ಲಿ ಯಾರು ಏನು ಹೇಳಿದರು ಎಂದು ನಾನು ಇಂದಿಗೂ ಹೇಳುವಂತಿಲ್ಲ. ಹೇಳುವುದಿಲ್ಲವೆಂದು ಪ್ರಮಾಣ ಮಾಡಿದ್ದೇನೆ. ಆದರೆ ಮೊದಲು ಮಾತಾಡಬೇಕಾದ ಆ ಕಿರಿಯರ ಮುಖಗಳನ್ನು ಮರೆತಿಲ್ಲ.

ದರ್ಜೆಯ ಭಾರ ಕಾನೂನು ಅಧಿಕಾರಿಯ ಮೇಲೂ ಬೀಳುತ್ತದೆ. ಆರೋಪಿ ಮೇಜರ್, ಜಡ್ಜ್ ಅಡ್ವೊಕೇಟ್ ಕ್ಯಾಪ್ಟನ್ ಆಗಿದ್ದರೆ? ಚರಣಜಿತ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಆರೋಪಿ ಅಧಿಕಾರಿಗಿಂತ ಕೆಳದರ್ಜೆಯವರು ಜಡ್ಜ್ ಅಡ್ವೊಕೇಟ್ ಆಗಿ ಕೂರಬಾರದು, ಅನಿವಾರ್ಯವಾದರೆ ಕಾರಣ ದಾಖಲಾಗಬೇಕು. ಮತವೇ ಇಲ್ಲದವರ ದರ್ಜೆ ಯಾಕೆ ಮುಖ್ಯ ಅನ್ನಿಸಬಹುದು. ಕಾನೂನು ಅರಿಯದ ಐವರ ನಡುವೆ ಕಾನೂನು ಬಲ್ಲ ಒಬ್ಬರ ಮಾತು ಎಷ್ಟು ತೂಗುತ್ತದೆ ಎಂಬುದನ್ನು ಕೋರ್ಟ್ ಸರಿಯಾಗಿಯೇ ಗ್ರಹಿಸಿತು.

ಇನ್ನು ತಂದೆಯವರ ಮುಖ್ಯ ದೂರು, ಅಂದರೆ ಸಿಒ ಒಬ್ಬರೇ ನ್ಯಾಯಾಧೀಶರಾಗುವ ಸಮರಿ ಕೋರ್ಟ್ ಮಾರ್ಷಲ್. ಇದಕ್ಕೆ ಕನ್ನಡಿಗರು ತಿಳಿದಿರಬೇಕಾದ ಒಂದು ತೀರ್ಪಿದೆ. ರಂಜಿತ್ ಠಾಕೂರ್ ಎಂಬ ಸಿಗ್ನಲ್‌ಮ್ಯಾನ್ ತನ್ನ ಸಿಒ ವಿರುದ್ಧ ನೇರವಾಗಿ ಮೇಲಧಿಕಾರಿಗಳಿಗೆ ದೂರು ಕಳಿಸಿದ. ಅದಕ್ಕೆ 28 ದಿನದ ಕಠಿಣ ಸೆರೆ. ಸೆರೆಯಲ್ಲಿದ್ದಾಗ, 1985ರ ಮೇ 29ರಂದು, ಊಟ ಮಾಡು ಎಂದು ಆಜ್ಞೆ ಮಾಡಿದರೆ ಮಾಡಲಿಲ್ಲ. ಆಜ್ಞೆ ಮೀರಿದ್ದಕ್ಕೆ ಸಮರಿ ಕೋರ್ಟ್ ಮಾರ್ಷಲ್. ವಿಚಾರಣೆಗೆ ಕೂತವರು ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಅದೇ ಸಿಒ. ಒಂದು ವರ್ಷ ಜೈಲು, ನೌಕರಿಯಿಂದ ವಜಾ. ಸುಪ್ರೀಂ ಕೋರ್ಟ್ 1987ರಲ್ಲಿ ಅದನ್ನು ರದ್ದು ಮಾಡಿ ಅವನನ್ನು ನೌಕರಿಗೆ ಮರಳಿಸಿತು. ತೀರ್ಪು ಬರೆದವರು ನಮ್ಮ ಬೆಂಗಳೂರಿನವರೇ ಆದ, ಮುಂದೆ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯ. ಪೂರ್ವಗ್ರಹವಿದೆಯೇ ಎಂದು ನೋಡುವಾಗ ತೀರ್ಪು ಕೊಟ್ಟವನು ತನ್ನ ಮನಸ್ಸಿನ ಬಗ್ಗೆ ಏನು ಹೇಳುತ್ತಾನೆ ಎಂಬುದಲ್ಲ, ಎದುರಿಗೆ ನಿಂತವನಿಗೆ ಹೇಗೆ ಕಾಣುತ್ತದೆ ಎಂಬುದು ಮುಖ್ಯ. ಶಿಕ್ಷೆ ತಪ್ಪಿಗೂ ತಪ್ಪಿತಸ್ಥನಿಗೂ ತಕ್ಕಂತಿರಬೇಕು. ಈ ಎರಡು ಮಾತನ್ನು ಅವರು ಅಲ್ಲಿ ಸ್ಥಾಪಿಸಿದರು. ಸೇನೆಯ ಹೊರಗಿನ ಪ್ರಕರಣಗಳಲ್ಲೂ ಇಂದಿಗೂ ಆ ತೀರ್ಪನ್ನು ಉದಾಹರಿಸುತ್ತಾರೆ.

ಸಮರಿ ಕೋರ್ಟ್ ಮಾರ್ಷಲ್‌ನ ಕಾಗದಪತ್ರಗಳೆಲ್ಲ 162ನೇ ಕಲಂ ಪ್ರಕಾರ ಮೇಲಿನ ಕಮಾಂಡರ್‌ಗೆ ಹೋಗಲೇಬೇಕು. ಅವರು ಅದನ್ನು ರದ್ದು ಮಾಡಬಹುದು, ಶಿಕ್ಷೆ ಇಳಿಸಬಹುದು. ಆ ಪರಿಶೀಲನೆ ನಿಮ್ಮಂಥವರ ಮೇಜಿನ ಮೇಲೆ ಬರುತ್ತದೆ. ಬಂದಾಗ ಅದು ಹತ್ತು ಪುಟದ ತೆಳು ಕಡತ. 'ತಪ್ಪೊಪ್ಪಿಕೊಂಡಿದ್ದಾನೆ' ಎಂದು ಅಚ್ಚಿನ ಫಾರಂ ಇರುತ್ತದೆ. ಆ ಒಪ್ಪಿಗೆಯ ಪರಿಣಾಮ ಏನೆಂದು ಅವನಿಗೆ ವಿವರಿಸಿದರೇ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದರೇ ಎಂದು ಕೇಳುವವರು ನೀವು. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಯುದ್ಧವಿಲ್ಲದ ಕಾಲದಲ್ಲಿ, ಶಾಂತಿ ನೆಲೆಯ ಯೂನಿಟ್‌ನಲ್ಲಿ, ಒಬ್ಬ ಮನುಷ್ಯನ ನೌಕರಿಯನ್ನೇ ಕಸಿಯುವ ವಿಚಾರಣೆ ಜಡ್ಜ್ ಅಡ್ವೊಕೇಟ್ ಇಲ್ಲದೆ ನಡೆಯಬಾರದು. ಆ ಬದಲಾವಣೆ ಒಳಗಿನವರು ಕೇಳಿದರೆ ಬೇಗ ಬರುತ್ತದೆ.

ಮೇಲ್ಮನವಿಗೆ ದಾರಿ ತೆರೆದದ್ದೂ ತಡವಾಗಿ. ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಒಂದೇ ಒಂದು ಅಪೀಲೂ ಇಲ್ಲವಲ್ಲ ಎಂದು ಸುಪ್ರೀಂ ಕೋರ್ಟ್ ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಮರುಗಿದ್ದು 1982ರಲ್ಲಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಕೆಲಸ ಶುರು ಮಾಡಿದ್ದು 2009ರಲ್ಲಿ. ಬಡ್ತಿ, ಪೆನ್ಷನ್, ಅಂಗವೈಕಲ್ಯ ಪೆನ್ಷನ್‌ನ ತಕರಾರುಗಳೂ ಅಲ್ಲಿಗೇ ಹೋಗುತ್ತವೆ. ಅವಕ್ಕೆ ಉತ್ತರ ಸಿದ್ಧಪಡಿಸುವುದು, ಸರ್ಕಾರಿ ವಕೀಲರಿಗೆ ವಿಷಯ ತಿಳಿಸುವುದು ನಿಮ್ಮ ದೈನಂದಿನ ಕೆಲಸದ ದೊಡ್ಡ ಭಾಗ. ಅದರಲ್ಲಿ ಬೇಸರ ಬರಿಸುವ ಕಾಗದವೂ ಬಹಳ.

ಗಡಿ ಮತ್ತು ಪ್ರಕ್ಷುಬ್ಧ ಪ್ರದೇಶಗಳ ಕೆಲಸ ಬೇರೆಯೇ. ಗಸ್ತಿಗೆ ಹೊರಡುವ ಹುಡುಗರಿಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳಿಕೊಡಬೇಕು. ಹಿಡಿದವರನ್ನು ಆದಷ್ಟು ಬೇಗ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕೆಂದು ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯೇ ಹೇಳುತ್ತದೆ. ಸೇನೆಯ ಆ 'ಮಾಡು–ಮಾಡಬೇಡ' ಪಟ್ಟಿಯನ್ನು ಪಾಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಕಲಂ ಸಂಖ್ಯೆ ಹೇಳಿದರೆ ಹುಡುಗರು ಆಕಳಿಸುತ್ತಾರೆ. 'ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದಿ, ಒಳಗೆ ಒಬ್ಬಳೇ ಹೆಂಗಸು ಇದ್ದಾಳೆ, ಈಗ ಏನು ಮಾಡ್ತಿ?' ಎಂದು ಕೇಳಿದರೆ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಸೇರುವ ಬಗೆ. ಕಾನೂನು ಪದವಿಯಲ್ಲಿ ಒಟ್ಟು ಶೇ 55 ಅಂಕ, ವಯಸ್ಸು 21ರಿಂದ 27, ಅವಿವಾಹಿತರು, ಬಾರ್ ಕೌನ್ಸಿಲ್‌ನಲ್ಲಿ ನೋಂದಣಿಗೆ ಅರ್ಹತೆ. ಇತ್ತೀಚಿನ ವರ್ಷಗಳಲ್ಲಿ ಕ್ಲ್ಯಾಟ್ (ಕಾನೂನು ಕೋರ್ಸುಗಳ ಪ್ರವೇಶ ಪರೀಕ್ಷೆ) ಸ್ನಾತಕೋತ್ತರ ಪರೀಕ್ಷೆಯ ಅಂಕವೂ ಕಡ್ಡಾಯ. ಎಷ್ಟೋ ಮಕ್ಕಳು ಎಲ್‌ಎಲ್‌ಎಂ ಬೇಡವೆಂದು ಅದನ್ನು ಬರೆಯದೆ ಬಿಟ್ಟು, ಆಮೇಲೆ ಪರಿತಪಿಸುತ್ತಾರೆ. ನಂತರ ಐದು ದಿನದ ಎಸ್‌ಎಸ್‌ಬಿ, ಅಂದರೆ ಸೇನೆಯ ಆಯ್ಕೆ ಮಂಡಳಿಯ ಸಂದರ್ಶನ. ಬೆಂಗಳೂರಿನಲ್ಲೂ ಆಯ್ಕೆ ಕೇಂದ್ರವಿದೆ. ಅಲ್ಲಿ ಯಾರೂ ಕಾನೂನಿನ ಕಂಠಪಾಠ ಒಪ್ಪಿಸಲು ಹೇಳುವುದಿಲ್ಲ; ಗುಂಪಿನಲ್ಲಿ ಹೇಗೆ ನಡೆದುಕೊಳ್ಳುತ್ತೀರಿ, ಒತ್ತಡದಲ್ಲಿ ಹೇಗೆ ಯೋಚಿಸುತ್ತೀರಿ ಎಂದು ನೋಡುತ್ತಾರೆ. ಆಯ್ಕೆಯಾದರೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರ. ಅಲ್ಲಿ ನೀವು ವಕೀಲರಲ್ಲ, ಎಲ್ಲರಂತೆ ಕೆಡೆಟ್. ಬೆನ್ನಿಗೆ ಚೀಲ, ಕೈಗೆ ರೈಫಲ್. ಈಗಿನಿಂದಲೇ ಬೆಳಿಗ್ಗೆ ಓಡಲು ಶುರು ಮಾಡಿ. ಲೆಫ್ಟಿನೆಂಟ್ ಆದಾಗ ಮೂಲ ವೇತನ 56,100 ರೂಪಾಯಿ, ಜೊತೆಗೆ ಸೇನಾ ಸೇವಾ ವೇತನ 15,500 ಮತ್ತು ಭತ್ಯೆಗಳು. ಸೇನಾ ಕಾನೂನಿನ ನಿಜವಾದ ಪಾಠ ಆಮೇಲೆ, ನಾಗಪುರದ ಹತ್ತಿರ ಕಾಮ್ಟಿಯಲ್ಲಿರುವ ಸೇನಾ ಕಾನೂನು ಸಂಸ್ಥೆಯಲ್ಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಶಾಖೆ ಉಳಿದವುಗಳಿಗಿಂತ ಮುಂದಿತ್ತು. 2008ರಲ್ಲೇ ಇಲ್ಲಿ ಮತ್ತು ಶಿಕ್ಷಣ ದಳದಲ್ಲಿ ಮಹಿಳೆಯರಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಕಾಯಂ ಸೇವೆ, ಸಿಕ್ಕಿತು. ಬೇರೆ ಶಾಖೆಗಳಿಗೆ ಸುಪ್ರೀಂ ಕೋರ್ಟಿನ 2020ರ ಬಬಿತಾ ಪುನಿಯಾ ತೀರ್ಪಿನವರೆಗೆ ಕಾಯಬೇಕಾಯಿತು. ಆದರೂ ಸೇರುವ ಬಾಗಿಲಲ್ಲೇ ಅಡ್ಡಿ ಇತ್ತು. ಒಂದು ಬ್ಯಾಚ್‌ಗೆ ಗಂಡಸರಿಗೆ 6 ಸ್ಥಾನ, ಹೆಂಗಸರಿಗೆ 3. ಇದರಿಂದ ಹೆಚ್ಚು ಅಂಕ ಪಡೆದ ಹುಡುಗಿಯರು ಹೊರಗುಳಿದು, ಕಡಿಮೆ ಅಂಕದ ಹುಡುಗರು ಒಳಗೆ ಹೋದರು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಈ ಹಂಚಿಕೆಯನ್ನು ತೆಗೆದುಹಾಕಿ, ಎಲ್ಲರಿಗೂ ಒಂದೇ ಮೆರಿಟ್ ಪಟ್ಟಿ ಇರಬೇಕೆಂದಿತು. ನೀವು ಅರ್ಜಿ ಹಾಕುವುದು ಆ ತೀರ್ಪಿನ ನಂತರದ ಕಾಲದಲ್ಲಿ.

ಮುಂದೆ ವಕೀಲಿ? ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಆದ್ದರಿಂದ ಸೇರುವಾಗ ರಾಜ್ಯ ಪರಿಷತ್ತಿಗೆ ತಿಳಿಸಿ ಸನ್ನದನ್ನು (ವಕೀಲಿಯ ಪರವಾನಗಿ) ಅಮಾನತಿನಲ್ಲಿಡಿಸಿ, ಬಿಟ್ಟು ಬಂದ ಮೇಲೆ ಮತ್ತೆ ಚಾಲ್ತಿ ಮಾಡಿಸಿಕೊಳ್ಳಬೇಕು. ತಿಳಿಸಿದ ಪತ್ರದ ಪ್ರತಿ ಜೋಪಾನವಾಗಿರಲಿ. ಈ ಶಾಖೆಗೆ ಸೇರುವುದು ಶಾರ್ಟ್ ಸರ್ವಿಸ್ ಮೇಲೆ. ಅಂದರೆ ಮೊದಲು 10 ವರ್ಷ, ಬೇಕಾದರೆ ಇನ್ನು 4. ಆದರೆ ಅಧಿಕಾರಿಗೆ ಪೆನ್ಷನ್ ಬರಲು 20 ವರ್ಷ ಬೇಕು. 14 ವರ್ಷಕ್ಕೆ ಹೊರಬಂದರೆ ಗ್ರಾಚ್ಯುಟಿ ಸಿಗುತ್ತದೆ, ಪೆನ್ಷನ್ ಇಲ್ಲ. ನಲವತ್ತರ ಆಸುಪಾಸಿನಲ್ಲಿ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕಿರಿಯರ ಜೊತೆ ಹೊಸದಾಗಿ ಶುರು ಮಾಡಬೇಕಾಗಬಹುದು. ಇದನ್ನು ಮನೆಯಲ್ಲಿ ಈಗಲೇ ಕೂತು ಮಾತಾಡಿ. ಆದರೆ ಕೆಲಸಕ್ಕೆ ಬರ ಇರುವುದಿಲ್ಲ. ಬೆಳಗಾವಿ, ವಿಜಯಪುರ, ಕೊಡಗಿನ ಎಷ್ಟೋ ಮಾಜಿ ಸೈನಿಕರು ಅಂಗವೈಕಲ್ಯ ಪೆನ್ಷನ್‌ನ ತಿರಸ್ಕಾರ ಪತ್ರ ಹಿಡಿದುಕೊಂಡು, ಅದರ ಭಾಷೆ ಬಲ್ಲ ವಕೀಲರು ಸಿಗದೆ ಅಲೆಯುತ್ತಿದ್ದಾರೆ.

ಕೊನೆಗೊಂದು ಕೆಲಸ ಹೇಳುತ್ತೇನೆ. ಸೇನಾ ಕಾಯ್ದೆಯ 34ರಿಂದ 70ನೇ ಕಲಂವರೆಗಿನ ಅಪರಾಧಗಳ ಅಧ್ಯಾಯವನ್ನು ತಂದೆಯವರ ಪಕ್ಕ ಕೂತು ಓದಿ. ಒಂದೊಂದು ಕಲಂ ಬಂದಾಗಲೂ ಅವರಿಗೆ ಯಾರೋ ಒಬ್ಬ ಜವಾನನ ನೆನಪಾಗುತ್ತದೆ. ಅವನಿಗೆ ಏನಾಯಿತು, ಅವನ ಮಾತನ್ನು ಯಾರಾದರೂ ಬರೆದುಕೊಂಡರೇ ಎಂದು ಕೇಳಿ. ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಅಷ್ಟರಲ್ಲಿ ಕ್ಲ್ಯಾಟ್ ಅರ್ಜಿಯ ಕೊನೆಯ ದಿನ ಯಾವಾಗ ಎಂದು ನೋಡಿಕೊಳ್ಳಿ.